ಹರಳೆಣ್ಣೆಯ ಕಾರು

ಮೊನ್ನೆ ನಮ್ಮ ಮನೆಗೊಂದು ಹರಳೆಣ್ಣೆಯ ಸೀಸೆ ಬಂತು. ಮರಿಮಗನ ನೆತ್ತಿಗೆ ಒತ್ತುವುದಕ್ಕೆಂದು ಮೊಮ್ಮಗನ ಹೆಂಡತಿ ಚಿಕ್ಕಬಳ್ಳಾಪುರದ ಅಂಗಡಿಯಿಂದ ತರಿಸಿದ್ದು. ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. "ಇದೇನಮ್ಮ, ವಾಸನೇನೇ ಇಲ್ವಲ್ಲ?" ಅಂದೆ. "ವಾಸನೆ ತೆಗ್ದಿರೋದೇ ಇದರ ಸ್ಪೆಷಲ್ಲು ಅಜ್ಜೀ" ಅಂದಳು ಹುಡುಗಿ. ವಾಸನೆ ತೆಗೆದ ಹರಳೆಣ್ಣೆ ಅಂದರೆ ಖಾರ ತೆಗೆದ ಮೆಣಸಿನಕಾಯಿ ಇದ್ದ ಹಾಗೆ ಎಂದು ಗೊಣಗಿಕೊಂಡು, ಒಂದು ಬಟ್ಟಲಿಗೆ ಬಗ್ಗಿಸಿ ಬೆಚ್ಚಗಾಗಲೆಂದು ಒಲೆಯ ಮೇಲಿಟ್ಟೆ. ಇಟ್ಟವಳು ಮರೆತು ಕೂತೆ. ನನ್ನ ವಯಸ್ಸಿಗೆ ಇದೊಂದು ಸೌಕರ್ಯ, ಮರೆತರೆ ಯಾರೂ ಬೈಯುವುದಿಲ್ಲ. ಎಣ್ಣೆ ಸೀದು ಹೊಗೆಯಾಡಿತು. ಆಗ ಬಂತು ನೋಡಿ ವಾಸನೆ! ತೆಗೆದು ಬಿಸಾಕಿದ್ದೇವೆ ಅಂದುಕೊಂಡಿದ್ದು ಒಳಗೇ ಅವಿತು ಕೂತಿತ್ತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದರು. ನಾನು ಮಾತ್ರ ಅಲ್ಲೇ ಕೂತು ಎದೆ ತುಂಬ ಎಳೆದುಕೊಂಡೆ.

ಈ ವಾಸನೆಗೆ ನಿಮಗೆ ಬಾಣಂತಿ ಕೋಣೆ ನೆನಪಾಗಬಹುದು. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದ ಚಮಚ ನೆನಪಾಗಿ ಮುಖ ಸಿಂಡರಿಸಲೂಬಹುದು. ನನಗೆ ನೆನಪಾಗುವುದು ರೇಸಿನ ಕಾರು. ನಗಬೇಡಿ, ಹೇಳುತ್ತೇನೆ.

ನಾನು ಶಿಡ್ಲಘಟ್ಟದವಳು. ಐವತ್ತರ ದಶಕ ಮುಗಿಯುತ್ತಿದ್ದಾಗ ಮಂಚೇನಹಳ್ಳಿಯ ಹತ್ತಿರದ ಒಂದು ಊರಿಗೆ ಮದುವೆ ಮಾಡಿಕೊಟ್ಟರು. ಹೊಲ, ತೋಟ, ಬಾವಿ, ಎತ್ತು ಎಲ್ಲ ಇದ್ದ ಮನೆ. ಸಂಬಂಧ ತಂದವರು "ಹುಡುಗನಿಗೆ ಕಾರಿದೆ" ಎಂದಿದ್ದರು. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಸೈಕಲ್ ಇದ್ದವನೇ ದೊಡ್ಡ ಮನುಷ್ಯ. ನಮ್ಮಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಸಂಬಂಧ ತಂದವರು ಸುಳ್ಳೇನೂ ಹೇಳಿರಲಿಲ್ಲ. ಕಾರು ಇತ್ತು, ಬಿಡಿಬಿಡಿಯಾಗಿ ಇತ್ತು. ಹೊಸಲಿನ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ಗೋಣಿತಾಟಿನ ಮೇಲೆ ಎಂಜಿನ್ನು ಮಲಗಿತ್ತು. ನಮ್ಮನೆಯವರು ನನ್ನ ಹತ್ತಿರ ಆಡಿದ ಮೊಟ್ಟಮೊದಲ ಮಾತು, "ಕಾಲು ನೋಡ್ಕೊಂಡು ಇಡು, ಅಲ್ಲಿ ಕಾರಿನ ಗೇರ್ ಬಾಕ್ಸು ಇದೆ."

ಅವರ ಹೆಸರು ಹೇಳುವುದಿಲ್ಲ. ಬದುಕಿದ್ದಾಗಲೇ ಹೇಳಲಿಲ್ಲ, ಈಗ ಹೋದಮೇಲೆ ಹೇಳಿ ಯಾರನ್ನು ಕರೆಯಲಿ? ಬೆಂಗಳೂರಿಗೆ ಕಾಲೇಜು ಓದಲು ಹೋಗಿದ್ದವರು, ಊರಾಚೆಯ ಒಂದು ಬಯಲಲ್ಲಿ ಕ್ಲಬ್ಬಿನವರು ಕಾರು ಓಡಿಸುವುದನ್ನು ನೋಡಿದರಂತೆ. ಡಾಕ್ಟರುಗಳು, ಮಿಲಿಟರಿ ಆಫೀಸರುಗಳು, ಕಾಫಿ ತೋಟದ ಮಕ್ಕಳು, ಎಲ್ಲ ಹವ್ಯಾಸಕ್ಕೆ ಓಡಿಸುವವರು. ಗೆದ್ದರೆ ಒಂದು ಬಟ್ಟಲು, ಸೋತರೆ ಒಂದು ಟೀ. ಇವರು ಡಿಗ್ರಿ ಬಿಟ್ಟು ಆ ಹುಚ್ಚು ಹಿಡಿಸಿಕೊಂಡು ಊರಿಗೆ ಬಂದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋಗಿದ್ದ, ಮರಕ್ಕೆ ಗುದ್ದಿ ಮೂತಿ ಮುರಿದಿದ್ದ ಸಣ್ಣ ಕಾರೊಂದನ್ನು ಎತ್ತಿನ ಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ಕಾರಿನಲ್ಲಿ ಬರುತ್ತಾನೆ ಅಂದುಕೊಂಡಿದ್ದ ಮಗ ಕಾರನ್ನೇ ಗಾಡಿಯಲ್ಲಿ ತಂದದ್ದನ್ನು ಊರವರು ಬಹಳ ದಿನ ಆಡಿಕೊಂಡರು.

ಅದನ್ನು ರೇಸಿನ ಕಾರು ಮಾಡುವುದು ಅಂದರೆ ಏನು ಗೊತ್ತೇ? ಮೊದಲು ಇದ್ದದ್ದನ್ನೆಲ್ಲ ತೆಗೆದುಹಾಕುವುದು. ಚಾವಣಿ ಹೋಯಿತು, ಬಾಗಿಲು ಹೋಯಿತು, ಹಿಂದಿನ ಸೀಟು ಹೋಯಿತು (ಅದು ನಮ್ಮ ಜಗುಲಿಗೆ ಬಂತು, ಅತ್ತೆ ಅದರ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು). ಹಗುರ ಆಗಬೇಕು, ಇನ್ನೂ ಹಗುರ ಆಗಬೇಕು. ನಾನು ಮದುವೆಯಲ್ಲಿ ಸ್ವಲ್ಪ ದಪ್ಪಗಿದ್ದೆ. ಇವರು ಆ ಮಾತಾಡಿದಾಗೆಲ್ಲ ನನಗೇ ಹೇಳುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಈ ಹುಚ್ಚಿನಲ್ಲಿ ಅವರಿಗೊಬ್ಬ ಜೊತೆಗಾರನಿದ್ದ, ಬಾಷಾ. ಶಿಡ್ಲಘಟ್ಟದಲ್ಲಿ ಅವನ ತಂದೆಯದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಗೂಡು ಬೇಯಿಸುವ ಹಬೆಯಿಂದ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದವನಿಗೆ ನಮ್ಮ ಕಾರು ಸಿಕ್ಕಿತು. ನಾನೂ ಅದೇ ಊರವಳು ಎಂದು ಗೊತ್ತಾದ ದಿನದಿಂದ "ಅಕ್ಕಾ" ಅನ್ನುತ್ತಿದ್ದ. ಕಾರಿಗೆ ಮೈ ಮಾಡಿಸುವ ಮಾತು ಬಂದಾಗ ತಗಡು ಭಾರ ಎಂದು ಇವರು ತಲೆ ಕೆರೆದುಕೊಳ್ಳುತ್ತಿದ್ದರು. ಆಗ ಬಾಷಾ, "ಅಣ್ಣಾ, ನಮ್ಮೂರಲ್ಲಿ ಚಂದ್ರಂಕಿ ಹೆಣೆಯೋರು ಇದ್ದಾರಲ್ಲ?" ಅಂದ. ಚಂದ್ರಂಕಿ ಅಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನ ಸೀಳುಗಳಲ್ಲಿ ಸುರುಳಿಸುರುಳಿಯಾಗಿ ಹೆಣೆದ ತಟ್ಟಿ. ಅದನ್ನು ಹೆಣೆಯುವವರಿಂದಲೇ ಕಾರಿಗೆ ಬಿದಿರಿನ ಮೈ ಹೆಣೆಸಿದರು. ಮೇಲೆ ಡೇರೆ ಬಟ್ಟೆ ಬಿಗಿದು ಕೆಂಪು ಬಣ್ಣ ಬಳಿದರು. ಒಬ್ಬರೇ ಎತ್ತಿ ಪಕ್ಕಕ್ಕಿಡಬಹುದಾದಷ್ಟು ಹಗುರ. ಬಣ್ಣ ಒಣಗಿದ ಮಾರನೆಯ ದಿನವೇ ನಮ್ಮ ಕೋಳಿಯೊಂದು ಅದರೊಳಗೆ ಮೊಟ್ಟೆ ಇಟ್ಟಿತು. ಬುಟ್ಟಿ ಅಂದುಕೊಂಡಿತೋ ಏನೋ, ಕೋಳಿಯದೇನೂ ತಪ್ಪಿಲ್ಲ.

ಎಂಜಿನ್ನಿನ ಕೆಲಸ ಮಾತ್ರ ಹೀಗೆ ನಗುವಂಥದ್ದಲ್ಲ. ಚಿಕ್ಕಬಳ್ಳಾಪುರದ ಲೇತಿನ ಅಂಗಡಿಗೆ ಎಂಜಿನ್ನಿನ ತಲೆಯನ್ನು ಹೊತ್ತುಕೊಂಡು ಹೋಗಿ ತೆಳುವಾಗಿ ಸವೆಸಿಕೊಂಡು ಬಂದರು. ಹಾಗೆ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ಕಸುವು ಬರುತ್ತದಂತೆ. ಬೆಂಗಳೂರಿನ ಗುಜರಿಯಲ್ಲಿ ಎರಡನೆಯ ಕಾರ್ಬೊರೇಟರ್ ಸಿಕ್ಕಿತು. ಹೊಗೆ ಕೊಳವೆಯನ್ನು ನೆಟ್ಟಗೆ ಮಾಡಿದಾಗ ಬಂದ ಸದ್ದಿಗೆ ನಮ್ಮ ಎಮ್ಮೆ ಎರಡು ಹೊತ್ತು ಹಾಲು ಕೊಡಲಿಲ್ಲ. ವಾಲ್ವು ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಅರೆಯುವ ಅಂಟು ಹಚ್ಚಿ, ಒಂದು ಕೋಲಿನ ತುದಿಗೆ ವಾಲ್ವು ಕಚ್ಚಿಸಿ, ಎರಡು ಅಂಗೈ ನಡುವೆ ಹಿಂದಕ್ಕೂ ಮುಂದಕ್ಕೂ ತಿರುಗಿಸಬೇಕು. ಥೇಟು ಮಜ್ಜಿಗೆ ಕಡೆಯುವ ಕೆಲಸ. ಇವರು ಮಾಡಿದರೆ ಬೇಗ ಬೇಸರಪಟ್ಟು ಎದ್ದುಬಿಡುತ್ತಿದ್ದರು. ನಾನು ಅಡುಗೆ ಮುಗಿಸಿ, ಕಂಬಕ್ಕೆ ಒರಗಿ, ಮಧ್ಯಾಹ್ನವೆಲ್ಲ ಕಡೆಯುತ್ತ ಕೂರುತ್ತಿದ್ದೆ. ಬೆಣ್ಣೆ ಬರದ ಕಡೆತ. ಆದರೆ ಮೊದಲ ಸಲ ಎಂಜಿನ್ನು ಹಿಡಿದುಕೊಂಡು ಗುಡುಗಿದಾಗ ನನ್ನ ಅಂಗೈಯೂ ಜುಮ್ಮೆಂದಿತು.

ಮಾವನವರಿಗೆ ಇದಾವುದೂ ಸರಿಬರುತ್ತಿರಲಿಲ್ಲ. ನಮ್ಮ ಕಡೆ ಆಂಧ್ರದ ಗಡಿ ಹತ್ತಿರ, ಎಲ್ಲರ ನಾಲಿಗೆಗೂ ಎರಡು ಭಾಷೆ. ಮಾವನವರು ಮಕ್ಕಳ ಜೊತೆ ಕನ್ನಡ ಆಡುತ್ತಿದ್ದರು, ಎತ್ತುಗಳ ಜೊತೆ ತೆಲುಗು. ಪ್ರೀತಿಯೆಲ್ಲ ತೆಲುಗಿನಲ್ಲಿ ಖರ್ಚಾಗಿಬಿಡುತ್ತಿತ್ತು. ದಿನವೂ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದರು. ಕಪಿಲೆ ನೋಡದವರಿಗೆ ಹೇಳುತ್ತೇನೆ. ಬಾವಿಯ ಪಕ್ಕ ಒಂದು ಇಳಿಜಾರು ಇರುತ್ತದೆ. ಎತ್ತುಗಳು ಅದರಲ್ಲಿ ಕೆಳಗಿಳಿದರೆ ಮಿಣಿ, ಅಂದರೆ ತೊಗಲಿನ ದಪ್ಪ ಹಗ್ಗ, ನೀರಿನ ಬಾನಿಯನ್ನು ಮೇಲಕ್ಕೆ ಎಳೆಯುತ್ತದೆ. ನೀರು ಸುರಿದ ಮೇಲೆ ಎತ್ತುಗಳು ಹಿಂದುಹಿಂದಕ್ಕೆ ಹೆಜ್ಜೆ ಹಾಕಿ ಇಳಿಜಾರು ಹತ್ತಬೇಕು. ಅವುಗಳ ಜೊತೆ ಮನುಷ್ಯನೂ ಹಿಂದುಹಿಂದಕ್ಕೆ ಹತ್ತಬೇಕು. ಬೆಳಗಿನಿಂದ ಬಿಸಿಲೇರುವವರೆಗೆ ಇದೇ. ಮಾವನವರ ಮಂಡಿ ಸವೆದುಹೋಗಿತ್ತು. ಸಂಜೆ ಅತ್ತೆ ಹರಳೆಣ್ಣೆ ಹಚ್ಚಿ ನೀವುವಾಗ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು. ಪಕ್ಕದ ತೋಟದವರು ಬಾವಿಗೆ ಎಂಜಿನ್ ಹಾಕಿಸಿದ್ದರು. ಅದರ ಡುಬುಡುಬು ನಮ್ಮ ಬಾವಿಗೆ ಕೇಳಿಸುತ್ತಿತ್ತು. ಹೀಗಿರುವಾಗ ಮನೆಯಲ್ಲೇ ಒಂದು ಎಂಜಿನ್ನು ಸುಮ್ಮನೆ ಕೂತಿದ್ದರೆ ಯಾವ ತಂದೆಗೆ ಹೊಟ್ಟೆ ಉರಿಯುವುದಿಲ್ಲ?

ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದರು.

"ಅದು ಓಡ್ತದಾ?"

"ಓಡ್ತದೆ ಅಪ್ಪ."

"ಓಡಿ ಎಲ್ಲಿಗೆ ಹೋಗ್ತದೆ?"

"ನಂದಿ ಬೆಟ್ಟದ ಮೇಲಕ್ಕೆ. ಬೆಂಗಳೂರಿನ ಕ್ಲಬ್ಬಿನೋರು ಪಂದ್ಯ ಇಟ್ಟವ್ರೆ. ಕೆಳಗಿಂದ ಹತ್ತೋದು. ಯಾರು ಬೇಗ ಹತ್ತುತಾರೆ ಅಂತ."

"ಮೇಲೇನೈತೆ?"

"ಏನಿಲ್ಲ. ಹತ್ತೋದು, ಆಮೇಲೆ ಇಳಿಯೋದು."

ಮಾವನವರು ಮುದ್ದೆ ಮುರಿಯುತ್ತ, "ಹತ್ತೋದು ಇಳಿಯೋದು ನಮ್ಮ ಎತ್ತುಗಳೂ ದಿನಾ ಮಾಡ್ತವೆ. ಅವು ಹತ್ತಿ ಇಳಿದ್ರೆ ನೀರಾದ್ರೂ ಬರ್ತದೆ" ಅಂದರು. ನನಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಹಿಂದೆ ಸರಿದೆ. ಆಮೇಲೆ ಅಂದ ಮಾತಿಗೆ ನಗು ನಿಂತುಹೋಯಿತು. "ಒಂದ್ ಸಲ ಬೆಟ್ಟ ಹತ್ತಲಿ. ಹತ್ತಿದ್ರೆ ಕಾರು ನಿಂದು, ನಾನು ಉಸಿರೆತ್ತಲ್ಲ. ಹತ್ತಲಿಲ್ಲಾಂದ್ರೆ ಎಂಜಿನ್ನು ಬಾವಿಗೆ. ಏನಂತೀಯ?"

ಇವರು "ಆಗ್ಲಿ" ಅಂದರು. ಮುಖ ಬಿಳುಚಿಕೊಂಡಿತ್ತು. ಅಪ್ಪನ ಮಾತು ಅಂದರೆ ನಮ್ಮ ಮನೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ. ನಿಜ ಹೇಳಬೇಕೆಂದರೆ ನಾನು ಯಾರ ಕಡೆ ಎಂದು ನನಗೇ ಗೊತ್ತಿರಲಿಲ್ಲ. ಮಾವನವರ ಮಂಡಿ ನೋಡಿದರೆ ಒಂದು ಮನಸ್ಸು, ಆ ವಾಲ್ವುಗಳ ನೆನಪಾದರೆ ಇನ್ನೊಂದು.

ಇಷ್ಟು ಹೊತ್ತಾದರೂ ಹರಳೆಣ್ಣೆಗೆ ಬರಲಿಲ್ಲವಲ್ಲ ಎಂದು ಕೇಳುತ್ತೀರಿ. ಬಂದೆ. ಇವರು ಎಲ್ಲಿಂದಲೋ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ತಂದಿದ್ದರು. ಅದರಲ್ಲಿ ರೇಸಿನ ಕಾರುಗಳ ಎಂಜಿನ್ನಿಗೆ ಹರಳೆಣ್ಣೆ ಹಾಕುತ್ತಾರೆ, ಎಷ್ಟು ಕಾದರೂ ಅದರ ಜಿಡ್ಡು ಒಡೆಯುವುದಿಲ್ಲ ಎಂದು ಬರೆದಿತ್ತಂತೆ. ಓದಿದವರೇ ಅಡುಗೆಮನೆಗೆ ಓಡಿ ಬಂದರು. "ಅಮ್ಮಾ, ಕಾರಿಗೆ ನಿನ್ನ ಎಣ್ಣೆ ಬೇಕು!"

ನಮ್ಮ ಅತ್ತೆಯ ಹರಳೆಣ್ಣೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರುವಾಸಿ. ರಾಗಿ ಹೊಲದ ಅಂಚಿನಲ್ಲಿ ಬೆಳೆದ ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ನೀರಿನ ಪಸೆ ಆರುವವರೆಗೆ ಮತ್ತೆ ಕಾಯಿಸುತ್ತಿದ್ದರು. ಬತ್ತಿ ಅದ್ದಿ ಹಚ್ಚಿದರೆ ಚಟಪಟ ಅನ್ನದಿದ್ದರೆ ಎಣ್ಣೆ ಆಯಿತು ಎಂದು ಲೆಕ್ಕ. ಹೆರಿಗೆಗೆ ಅದೇ, ಹೊಟ್ಟೆ ಕಟ್ಟಿದರೆ ಅದೇ, ತಲೆಗೆ ಅದೇ, ಗಾಡಿಯ ಅಚ್ಚಿಗೂ ಅದೇ. ಅಲ್ಲಿಯವರೆಗೆ ಕಾರನ್ನು ಕಂಡರೆ "ಆ ಪೀಡೆ" ಅನ್ನುತ್ತಿದ್ದ ಅತ್ತೆ ಸೌಟು ಕೆಳಗಿಟ್ಟರು.

"ಇಂಗ್ಲೆಂಡಿನೋರಿಗೆ ಹರಳೆಣ್ಣೆ ಗೊತ್ತಾ?"

"ಗೊತ್ತಂತೆ ಅಮ್ಮ."

"ಅಲ್ಲ ಕಣೋ, ನಮ್ಮಜ್ಜನ ಕಾಲದಿಂದ ಗಾಡಿ ಅಚ್ಚಿಗೆ ಹಾಕ್ತಾ ಇದ್ದೀವಿ. ಅವ್ರಿಗೆ ಈಗ ಗೊತ್ತಾಯ್ತಾ?"

ಅವತ್ತಿನಿಂದ ಅದು "ನಮ್ಮ ಕಾರು" ಆಯಿತು. ಮೊದಲ ಸಲ ಬರೀ ಹರಳೆಣ್ಣೆ ತುಂಬಿಸಿ ಗೌರಿಬಿದನೂರಿನ ರಸ್ತೆಯಲ್ಲಿ ಓಡಿಸಿದಾಗ ಎಂಜಿನ್ನು ಬೆಣ್ಣೆಯ ಹಾಗೆ ತಿರುಗಿತು. ಹಿಂದೆ ನೀಲಿ ಹೊಗೆ, ಆ ಘಮಲು. ದಾರಿಯಲ್ಲಿದ್ದ ಹೆಂಗಸರು "ಯಾರ ಮನೇಲಿ ಹೆರಿಗೆ ಆಯ್ತು?" ಎಂದು ಕೇಳಿದರಂತೆ.

ಪಂದ್ಯಕ್ಕೆ ಹಳೆಯ ಎಣ್ಣೆ ಬಸಿದು ಹೊಸದು ತುಂಬಬೇಕಿತ್ತು. ಅತ್ತೆ ಅದಕ್ಕೆಂದೇ ಕಾಯಿಸಿ, ಸೋಸಿ, ಗಡಿಗೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಹೊರಡುವುದಕ್ಕೆ ಸ್ವಲ್ಪ ಮುಂಚೆ ಪಕ್ಕದ ಮನೆಯ ಮಗಳಿಗೆ ಹೆರಿಗೆಯಾಯಿತು. ಅತ್ತೆ ಎರಡನೆಯ ಯೋಚನೆಯೇ ಇಲ್ಲದೆ ಗಡಿಗೆ ಎತ್ತಿಕೊಂಡು ಹೋಗಿ ಅರ್ಧ ಬಗ್ಗಿಸಿ ಬಂದರು. "ಅಮ್ಮಾ, ಅದು ಕಾರಿಂದು!" ಅಂದರು ಇವರು. "ಬಾಣಂತಿಗಿಂತ ಕಾರು ಹೆಚ್ಚೇನೋ?" ಅಂದರು ಅತ್ತೆ. ಇದಕ್ಕೆ ಯಾರು ತಾನೇ ಎದುರು ಮಾತಾಡುತ್ತಾರೆ? ಮತ್ತೆ ಹರಳು ಕುಟ್ಟಲು ಹೊತ್ತಿರಲಿಲ್ಲ. ಇವರೂ ಬಾಷಾನೂ ಸೇರಿ, ಎಣ್ಣೆಗೆ ಎಣ್ಣೆ ಸೇರಿಯೇ ಸೇರುತ್ತದೆ ಎಂದುಕೊಂಡು, ಕಡಿಮೆ ಬಿದ್ದಷ್ಟಕ್ಕೆ ಅಂಗಡಿಯ ಎಂಜಿನ್ ಎಣ್ಣೆ ಸುರಿದರು. ನಮ್ಮ ಮನೆಯಲ್ಲಿ ಅದು ತಪ್ಪು ಎಂದು ಗೊತ್ತಿದ್ದವರು ಯಾರೂ ಇರಲಿಲ್ಲ. ಸಾರಿಗೆ ನೀರು ಬೆರೆಸಿ ನೆಂಟರನ್ನು ಸುಧಾರಿಸುವ ಮನೆ ನಮ್ಮದು.

ಹಿಂದಿನ ದಿನವೇ ನಾವು ಗಾಡಿ ಕಟ್ಟಿಕೊಂಡು ಹೊರಟು ಕಳವಾರದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಉಳಿದೆವು. ಮಾವನವರು ಬರುವುದಿಲ್ಲ ಎಂದಿದ್ದವರು, ಹೊರಡುವ ಹೊತ್ತಿಗೆ ತಾವೇ ಗಾಡಿ ಹೊಡೆಯಲು ಕೂತರು. ಸೋತರೆ ಕಣ್ಣಾರೆ ನೋಡಬೇಕಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬೆಳಗ್ಗೆ ನಂದಿಯ ತಪ್ಪಲಿಗೆ ಬಂದಾಗ ಕ್ಲಬ್ಬಿನವರ ಕಾರುಗಳು ಸಾಲಾಗಿ ನಿಂತು ಮಿಂಚುತ್ತಿದ್ದವು. ನಡುವೆ ಇವರೂ ಬಾಷಾನೂ ಓಡಿಸಿಕೊಂಡು ಬಂದಿದ್ದ ನಮ್ಮದು, ಬಿದಿರು ಬಟ್ಟೆಯ ಕೆಂಪು ಬುಟ್ಟಿ. ಒಬ್ಬಿಬ್ಬರು ನಕ್ಕರು. ಅಷ್ಟರಲ್ಲಿ ಮೀಸೆ ನರೆತ ಹಿರಿಯರೊಬ್ಬರು ನಮ್ಮ ಕಾರಿನ ಹಿಂದೆ ಬಂದು ನಿಂತು, ಕಣ್ಣು ಮುಚ್ಚಿ, ಆ ಹೊಗೆಯನ್ನು ಮೂಸಿದರು. ಇಂಗ್ಲಿಷಿನಲ್ಲಿ ಏನೋ ಹೇಳಿದರು. "ಈ ವಾಸನೆ ಮೂಸಿ ಎಷ್ಟು ವರ್ಷ ಆಗಿತ್ತು ಅಂತಾವ್ರೆ ಅಮ್ಮ. ಇಂಥ ಎಣ್ಣೆ ಎಲ್ಲಿ ಸಿಕ್ಕಿತು ಅಂತ ಕೇಳ್ತಾವ್ರೆ" ಎಂದು ಬಾಷಾ ಅತ್ತೆಗೆ ಹೇಳಿದ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಅವರನ್ನು ಅಷ್ಟು ಎತ್ತರವಾಗಿ ನಾನು ಯಾವತ್ತೂ ಕಂಡಿರಲಿಲ್ಲ.

ರಸ್ತೆ ಮುಚ್ಚುವುದಕ್ಕೆ ಮುಂಚೆ ನಮ್ಮ ಗಾಡಿಯನ್ನು ಮೇಲಕ್ಕೆ ಹೊಡೆದುಕೊಂಡು ಹೋಗಿ, ಅರ್ಧಕ್ಕಿಂತ ಮೇಲಿನ ಒಂದು ತಿರುವಿನ ಪಕ್ಕ ಎತ್ತು ಬಿಚ್ಚಿ ಕೂತೆವು. ಒಂದೊಂದೇ ಕಾರು ಬಂತು, ಹೋಯಿತು. ನಮ್ಮದರ ಸರದಿ ಬಂದಾಗ ಕೆಳಗಿನಿಂದಲೇ ಗೊತ್ತಾಯಿತು. ತಾಯಿಗೆ ಮಗುವಿನ ಅಳು ಇದ್ದ ಹಾಗೆ ಆ ಗುಡುಗು ನನಗೆ ಗುರುತು. ಒಂದು ತಿರುವು, ಇನ್ನೊಂದು ತಿರುವು. ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ. ಕೆಂಪು ಮೂತಿ ಕಾಣಿಸಿತು. ಅಷ್ಟರಲ್ಲಿ ಸದ್ದು ದಪ್ಪಗಾಯಿತು, ತೊದಲಿತು, ಒಳಗಿಂದ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಹಾಗೆ ಒಂದು ಕಿರುಚು ಬಂತು. ನಮ್ಮ ಕಣ್ಣೆದುರಿಗೇ ಕಾರು ನಿಂತುಬಿಟ್ಟಿತು.

ಕ್ಲಬ್ಬಿನ ಆಳುಗಳು ಬಂದು ಪಕ್ಕಕ್ಕೆ ತಳ್ಳಿದರು. ಇವರು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು. ಹೊಗೆ ನಮ್ಮ ಕಡೆಗೆ ಬಂತು. ಅತ್ತೆ ಮೂಸಿದರು. "ನನ್ನ ಎಣ್ಣೆ ಸೀದೋಯ್ತು ಕಣೇ" ಅಂದರು. "ನನ್ನ ಎಣ್ಣೇನೇ ಮಗನ ಕಾರು ನಿಲ್ಲಿಸ್ತು." ಅಳು ತಡೆಯಲಾಗದೆ ಗಾಡಿಯ ಚಕ್ರಕ್ಕೆ ಹಣೆ ಒತ್ತಿಕೊಂಡರು. ಅಷ್ಟು ಎತ್ತರ ನಿಂತಿದ್ದ ಹೆಂಗಸು ಇಷ್ಟೇ ಇಷ್ಟಾಗಿ ಹೋದರು.

ಮಾವನವರು ಎಲೆಅಡಿಕೆ ಅಗಿಯುತ್ತ ಕೂತಿದ್ದರು. ಕೊನೆಯ ಕಾರು ದಾಟಿ, ರಸ್ತೆ ಬಿಟ್ಟ ಮೇಲೆ ಎದ್ದರು. ಗಾಡಿಯ ಹುಲ್ಲಿನ ಕೆಳಗೆ ಕೈಹಾಕಿ ಕಪಿಲೆಯ ಮಿಣಿ ಎಳೆದರು. ಎತ್ತುಗಳಿಗೆ ನೊಗ ಕಟ್ಟಿ, ಮಿಣಿಯ ಒಂದು ತುದಿಯನ್ನು ನೊಗಕ್ಕೆ, ಇನ್ನೊಂದನ್ನು ಕಾರಿನ ಮೂತಿಗೆ ಬಿಗಿದರು. ಬಾಷಾ ಕೆಳಗಿನಿಂದ ಏದುಸಿರು ಬಿಡುತ್ತ ಓಡಿ ಬಂದು ಬಾಯಿಬಿಟ್ಟು ನೋಡುತ್ತಿದ್ದ.

"ನಾನೇನಂದಿದ್ದೆ?" ಎಂದು ಕೇಳಿದರು ಮಗನನ್ನು.

"ಬೆಟ್ಟ ಹತ್ತಬೇಕು ಅಂತ."

"ಯಾತರಲ್ಲಿ ಹತ್ತಬೇಕು ಅಂತ ಅಂದಿದ್ನಾ?"

"ಇಲ್ಲ."

"ಮತ್ತೆ ಸ್ಟೇರಿಂಗ್ ನೆಟ್ಟಗೆ ಹಿಡ್ಕೊ." ಆಮೇಲೆ ಎತ್ತುಗಳ ಕಡೆ ತಿರುಗಿ, "ಪದ ರಾ, ಪದ" ಅಂದರು, ನಡಿಯೋ ನಡಿ ಎಂದು ತೆಲುಗಿನಲ್ಲಿ.

ಎತ್ತುಗಳು ಎಳೆದವು. ಕಾರು ಹೊರಟಿತು. ಆದರೆ ಅವು ಕಪಿಲೆಯ ಎತ್ತುಗಳು, ನೊಗಕ್ಕೆ ಮಿಣಿ ಬಿಗಿದರೆ ಅವಕ್ಕೆ ಬಾವಿಯೇ ನೆನಪು! ಬಾವಿಯ ಇಳಿಜಾರಿನಷ್ಟು ದೂರ ಎಳೆದವು, ನಿಂತವು, ಬಾನಿಯ ನೀರು ಸುರಿಯಲಿ ಎಂದು ಕಾದವು, ಆಮೇಲೆ ಮರ್ಯಾದೆಯಾಗಿ ಹಿಂದುಹಿಂದಕ್ಕೆ ಹೆಜ್ಜೆ ಹಾಕತೊಡಗಿದವು. ಕಾರು ಕೆಳಕ್ಕೆ ಉರುಳಿತು. ಬಾಷಾ "ಯಾ ಅಲ್ಲಾ" ಎಂದು ಕೂಗಿ ಚಕ್ರಕ್ಕೆ ಕಲ್ಲು ಕೊಟ್ಟ. ಮತ್ತೆ ಎಳೆದವು, ಮತ್ತೆ ನಿಂತವು, ಮತ್ತೆ ಹಿಂದಕ್ಕೆ. ಜನ ಸೇರಿದರು. ಆಗ ಮಾವನವರು ಎತ್ತುಗಳ ಮುಂದಕ್ಕೆ ಹೋಗಿ, ಅವುಗಳಿಗೆ ಮುಖ ಮಾಡಿ, ಎರಡರ ಹಗ್ಗವನ್ನೂ ಹಿಡಿದು, ತಾವೇ ಹಿಂದುಹಿಂದಕ್ಕೆ ನಡೆಯುತ್ತ ತೆಲುಗಿನಲ್ಲಿ ರಮಿಸುತ್ತ ಬೆಟ್ಟ ಹತ್ತಿದರು. ಆ ಮಂಡಿಯಲ್ಲಿ. ಎತ್ತುಗಳು ಅವರ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಬಾಷಾ ಕಲ್ಲು ಹಿಡಿದುಕೊಂಡು ಚಕ್ರದ ಹಿಂದೆಯೇ ಬಂದ. ನಾನೂ ಅತ್ತೆಯೂ ಕಾರಿನ ಹಿಂದೆ ಕೈ ಕೊಟ್ಟೆವು.

ಮೇಲೆ ಕ್ಲಬ್ಬಿನವರು ಟೀ ಕುಡಿಯುತ್ತಿದ್ದರು. ಮೊದಲು ನಕ್ಕರು. ಆಮೇಲೆ ಆ ಮೀಸೆಯ ಹಿರಿಯರು ಎದ್ದುನಿಂತು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮಾವನವರು ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ರುಮಾಲಿನಿಂದ ಮುಖ ಒರೆಸಿಕೊಂಡು ಕಾರಿನ ಪಕ್ಕ ಬಂದು ಮಗನಿಗೆ ಹೇಳಿದರು: "ಬಾಗಾ ಎಕ್ಕಿಂದಿ ರಾ." ಚೆನ್ನಾಗಿ ಹತ್ತಿತು ಕಣೋ ಎಂದು ಅರ್ಥ. ಎತ್ತುಗಳಿಗೆ ಮೀಸಲಾ‌ಗಿದ್ದ ಭಾಷೆಯಲ್ಲಿ ಮಗನ ಜೊತೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತರು.

ಊರಿಗೆ ಮರಳುವಾಗ ಕಾರು ಗಾಡಿಯ ಹಿಂದೆ ಬರುತ್ತಿತ್ತು. ಅತ್ತೆ ಮೆಲ್ಲಗೆ ಕೇಳಿದರು, "ಕಪಿಲೆ ಮಿಣಿ ಯಾಕೆ ಬಿಚ್ಕೊಂಡು ಬಂದಿದ್ರಿ? ತೋಟಕ್ಕೆ ನೀರು ತಪ್ಪಿಹೋಯ್ತಲ್ಲ?"

"ದಾರೀಲಿ ಬೇಕಾಗ್ತದೆ ಅಂತ."

"ಏನಕ್ಕೆ?"

ಮಾವನವರು ಎತ್ತುಗಳನ್ನು ಚಪ್ಪರಿಸಿದರು. ಪಂದ್ಯ ಸೋತರೆ ಎಂಜಿನ್ನು ಅವರ ಬಾವಿಗೆ ಬರುತ್ತಿತ್ತು, ಮಂಡಿಗೆ ಬಿಡುಗಡೆ ಸಿಗುತ್ತಿತ್ತು. ಆ ಮನುಷ್ಯ ಮನೆ ಬಿಡುವ ಮುಂಚೆಯೇ, ಮಗ ಸೋತರೆ ಎಳೆಯುವುದಕ್ಕೆಂದು ಹಗ್ಗ ಬಿಚ್ಚಿಕೊಂಡು ಬಂದಿದ್ದರು. ಮಾರನೆಯ ಬೆಳಗ್ಗೆ ಮಾವನವರು ಬಾವಿಗೆ ಹೋಗುವ ಹೊತ್ತಿಗೆ ಕಪಿಲೆ ಆಗಲೇ ನಡೆಯುತ್ತಿತ್ತು. ಹೊಡೆಯುತ್ತಿದ್ದವರು ನಮ್ಮನೆಯವರು.

ಎಂಜಿನ್ನು ಬಿಚ್ಚಿದಾಗ ಒಳಗೆಲ್ಲ ಹಲ್ವದ ಹಾಗೆ ಅಂಟು. ಬಾಷಾ ಬೆಂಗಳೂರಿಗೆ ಹೋಗಿ ವಿಚಾರಿಸಿ ಬಂದ. ಹರಳೆಣ್ಣೆಯದೇನೂ ತಪ್ಪಿಲ್ಲ, ಅಂಗಡಿ ಎಣ್ಣೆಯ ಜೊತೆ ಬೆರೆಸಬಾರದಿತ್ತು. ಇದನ್ನು ಕೇಳಿ ಅತ್ತೆ, "ನನ್ನ ಎಣ್ಣೆ ಕಂಡಕಂಡವರ ಜೊತೆ ಸೇರಲ್ಲ, ಗೊತ್ತಾಯ್ತಾ?" ಅಂದು ಮತ್ತೆ ಎತ್ತರವಾದರು. ಎಂಜಿನ್ನು ಸರಿಹೋಗಲು ಬಹಳ ಕಾಲ ಹಿಡಿಯಿತು. ನಾನು ಮತ್ತೆ ವಾಲ್ವು ಕಡೆದೆ. ಆಮೇಲೆ ಒಂದು ದಿನ ಇವರು ಯಾರಿಗೂ ಹೇಳದೆ ಕಾರನ್ನು ಬಾವಿಯ ಹತ್ತಿರ ಓಡಿಸಿಕೊಂಡು ಹೋದರು. ಹಿಂದಿನ ಒಂದು ಚಕ್ರವನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಟೈರು ಬಿಚ್ಚಿ, ಆ ಚಕ್ರದಿಂದ ಪಂಪಿಗೆ ಬೆಲ್ಟು ಹಾಕಿದರು. ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಗೆ ತಿರುಗಿಸಿದರು. ನೀರು ಬಂತು. ಪಂದ್ಯ ಇದ್ದಾಗ ಬೆಲ್ಟು ಬಿಚ್ಚಿ ಟೈರು ಹಾಕುವುದು, ಮುಗಿದ ಮೇಲೆ ಮತ್ತೆ ಬಾವಿಗೆ. ಬಹಳ ವರ್ಷ ಆ ಕಾರು ಹೀಗೇ ಬಾಳಿತು. ಬೆಟ್ಟವನ್ನು ಎಷ್ಟೋ ಸಲ ತಾನೇ ಹತ್ತಿತು, ಒಮ್ಮೆಯೂ ಗೆಲ್ಲಲಿಲ್ಲ.

ನೀರು ಮೊದಲು ಬಂದ ಆ ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಮಾವನವರು ಕಾರಿನೊಳಗೆ ಕೂತಿದ್ದರು. ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದಿದ್ದರು. ಕಾರು ನಿಂತಲ್ಲೇ ಗುಡುಗುತ್ತಿತ್ತು, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು, ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಅವರ ದೃಷ್ಟಿ ದೂರದಲ್ಲಿ ಕಾಣುವ ಬೆಟ್ಟಗಳ ಕಡೆಗಿತ್ತು. ಆಗೆಲ್ಲ ಸೊಸೆಯಂದಿರು ಮಾವನ ಎದುರಿಗೆ ಕೂರುವ ಪದ್ಧತಿ ಇರಲಿಲ್ಲ. ನಾನು ಬುತ್ತಿ ಇಟ್ಟು ಸೆರಗು ಹೊದ್ದು ಮರದ ಮರೆಗೆ ನಿಂತೆ. ಅವರು ತಿರುಗಿ ನೋಡಿ ಪಕ್ಕದ ಸೀಟನ್ನು ತೋರಿಸಿದರು.

"ಬಾಮ್ಮ, ಕೂತ್ಕೊ."

"ಇಲ್ಲ ಮಾವ, ನಿಂತಿರ್ತೀನಿ."

"ಕಾರಲ್ಲಿ ಯಾರಾದ್ರೂ ನಿಂತ್ಕೊಂಡು ಹೋಗ್ತಾರೇನಮ್ಮ? ಕೂತ್ಕೊ. ಬೆಟ್ಟ ಹತ್ತಿ ಬರಣ."

ನಾನು ಹೋಗಿ ಕೂತೆ. ಬಿದಿರಿನ ಮೈ ಗಡಗಡ ನಡುಗುತ್ತಿತ್ತು. ನಾವಿಬ್ಬರೂ ಎದುರಿಗೇ ನೋಡುತ್ತ ಕೂತಿದ್ದೆವು. ಹುಟ್ಟಿದ ಮನೆ ಬಿಟ್ಟು ಬಂದಮೇಲೆ, ಇದು ನನ್ನ ಮನೆ ಎಂದು ನನಗೆ ಅನ್ನಿಸಿದ್ದು ಆವತ್ತು.

ಮೊಮ್ಮಗನ ಹೆಂಡತಿ ಹೊಗೆಯೆಲ್ಲ ಹೋದಮೇಲೆ ಬಂದು, "ಅಜ್ಜೀ, ಯಾಕೆ ಹಾಗೆ ಕೂತಿದ್ದೀರ?" ಎಂದು ಕೇಳಿದಳು. ಇಷ್ಟು ವರ್ಷ ಈ ಕಥೆಯನ್ನು ನಗಿಸುವುದಕ್ಕೆ ಹೇಳುತ್ತಿದ್ದೆ, ಆ ಎತ್ತುಗಳು ಹಿಂದಕ್ಕೆ ನಡೆದದ್ದನ್ನು ನಟಿಸಿ ತೋರಿಸುತ್ತಿದ್ದೆ. ಮೊನ್ನೆ ಅವಳಿಗೆ ನಟಿಸಿ ತೋರಿಸಲಿಲ್ಲ. "ಭಾನುವಾರ ನಿನ್ನ ಗಂಡನಿಗೆ ಕಾರು ತೆಗೆಯೋಕೆ ಹೇಳಮ್ಮ, ನಂದಿ ಬೆಟ್ಟಕ್ಕೆ ಹೋಗಬೇಕು" ಅಂದೆ. ನನ್ನನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಮಲಗಿಸಿಕೊಂಡು ಹೋಗುವ ಮಾತಾಡಿದಳು. ಬೇಡ ಅಂದೆ. ಮುಂದಿನ ಸೀಟಿನಲ್ಲಿ ಕೂತ್ಕೋತೀನಿ.